ಕ್ಯಾಮೆರಾದ ಹಿಂದೆ ನಿಂತ ನರ್ತಕ: ಗುರುದತ್ ಬದುಕಿನ ಅರಿಯದ ಅಧ್ಯಾಯ

ಚಿಕ್ಕರಸಿನಕೆರೆ (ಮದ್ದೂರು ತಾಲ್ಲೂಕು): ಮದ್ದೂರು, ಮಳವಳ್ಳಿ ಸೀಮೆಯ ಜಾತ್ರೆಗಳಲ್ಲಿ ಪೂಜಾ ಕುಣಿತದ ತಮಟೆ ಸದ್ದು ಕೇಳಿದೊಡನೆ ಇಂದು ಹತ್ತಾರು ಮೊಬೈಲ್‌ಗಳು ಒಮ್ಮೆಗೇ ಮೇಲೇಳುತ್ತವೆ. ಸೀರೆ ಉಡಿಸಿ ಸಿಂಗರಿಸಿದ ದೇವಿಯ ಪೂಜೆಯನ್ನು ತಲೆಯ ಮೇಲೆ ಹೊತ್ತು, ಕೈ ಬಿಟ್ಟು ಕುಣಿಯುವ ಕಲಾವಿದನನ್ನು ಎಲ್ಲರೂ ಸೆರೆಹಿಡಿಯುತ್ತಾರೆ. ಆದರೆ ಆ ಚಿತ್ರಗಳಲ್ಲಿ ಬಹುಪಾಲು ಒಂದೇ ಬಗೆಯವು. ಪೂಜೆಯ ಅಲಂಕಾರವೆಲ್ಲ ಇರುತ್ತದೆ, ಕುಣಿಯುವವನ ಕಾಲು ಮಾತ್ರ ಚೌಕಟ್ಟಿನಿಂದ ಆಚೆ ಉಳಿದಿರುತ್ತದೆ. ಇಲ್ಲವೇ, ಹೆಜ್ಜೆ ನೆಲ ಮುಟ್ಟಿ ಮುಗಿದ ಮೇಲಿನ ಸಪ್ಪೆ ಕ್ಷಣವೊಂದು ದಾಖಲಾಗಿರುತ್ತದೆ. ಅದೇ ಕುಣಿತವನ್ನು ಸ್ವತಃ ಒಂದೆರಡು ವರ್ಷ ಕುಣಿದವನ ಕೈಗೆ ಕ್ಯಾಮೆರಾ ಕೊಟ್ಟು ನೋಡಿದರೆ ಚಿತ್ರವೇ ಬೇರೆಯಾಗುತ್ತದೆ. ತಮಟೆಯ ಯಾವ ಪೆಟ್ಟಿಗೆ ಮಂಡಿ ಬಾಗುತ್ತದೆ, ತಲೆಯ ಮೇಲಿನ ಭಾರ ಯಾವ ಕಾಲಿಗೆ ಇಳಿಯುತ್ತದೆ ಎಂಬುದು ಅವನಿಗೆ ಮೊದಲೇ ಗೊತ್ತಿರುತ್ತದೆ.

ನೃತ್ಯ ಬಲ್ಲವನು ನೃತ್ಯವನ್ನು ಚಿತ್ರಿಸಿದರೆ ಆಗುವ ವ್ಯತ್ಯಾಸವೇನು? ಈ ಪ್ರಶ್ನೆಗೆ ಭಾರತೀಯ ಚಿತ್ರರಂಗದಲ್ಲಿ ಅತ್ಯಂತ ಸಮರ್ಥ ಉತ್ತರವಾಗಿ ನಿಲ್ಲುವ ವ್ಯಕ್ತಿ ಹುಟ್ಟಿದ್ದು ಕನ್ನಡ ನೆಲದಲ್ಲಿಯೇ. ಅವರೇ ಗುರುದತ್. 'ಪ್ಯಾಸಾ', 'ಕಾಗಜ್ ಕೆ ಫೂಲ್' ಚಿತ್ರಗಳ ನಿರ್ದೇಶಕನಾಗಿ, ನೊಂದ ಕಣ್ಣುಗಳ ನಾಯಕನಾಗಿ ಅವರನ್ನು ಬಲ್ಲವರು ಅಸಂಖ್ಯ. ಆದರೆ ಅವರು ಚಿತ್ರರಂಗದ ಮೆಟ್ಟಿಲು ಹತ್ತಿದ್ದು ನಟನಾಗಬೇಕೆಂದಾಗಲೀ ನಿರ್ದೇಶಕನಾಗಬೇಕೆಂದಾಗಲೀ ಅಲ್ಲ, ನೃತ್ಯ ಕಲಿತ ಹುಡುಗನಾಗಿ ಎಂಬುದನ್ನು ನೆನೆಯುವವರು ಕಡಿಮೆ.

ಬೆಂಗಳೂರಿನಿಂದ ಕಲ್ಕತ್ತೆಗೆ

1925ರ ಜುಲೈ 9ರಂದು ಬೆಂಗಳೂರಿನಲ್ಲಿ ಅವರ ಜನನ. ತಂದೆ ಶಿವಶಂಕರ ರಾವ್ ಪಡುಕೋಣೆ, ತಾಯಿ ವಾಸಂತಿ. ಹೆತ್ತವರು ಇಟ್ಟ ಹೆಸರು ವಸಂತಕುಮಾರ. ಎಳವೆಯಲ್ಲಿ ನಡೆದ ಅವಘಡವೊಂದರ ನಂತರ, ಶುಭವಾಗಲೆಂಬ ನಂಬಿಕೆಯಿಂದ ಗುರುದತ್ತ ಎಂದು ಹೆಸರು ಬದಲಿಸಲಾಯಿತು. ಕುಂದಾಪುರ ಸಮೀಪದ ಪಡುಕೋಣೆ ಈ ಕುಟುಂಬದ ಮೂಲ ಊರು. ಮನೆಮಾತು ಚಿತ್ರಾಪುರ ಸಾರಸ್ವತರ ಕೊಂಕಣಿ. ಆದರೆ ಮನೆಯೊಳಗೆ ಕನ್ನಡ ಸಾಹಿತ್ಯದ ಗಾಳಿ ಸದಾ ಆಡುತ್ತಿತ್ತು. ತಂದೆ ಮುಖ್ಯೋಪಾಧ್ಯಾಯರಾಗಿದ್ದು ಬಳಿಕ ಬ್ಯಾಂಕ್ ನೌಕರಿ ಮಾಡಿದವರು. ತಾಯಿ ವಾಸಂತಿ ಪಾಠ ಹೇಳಿಕೊಡುತ್ತ, ಸಣ್ಣ ಕಥೆಗಳನ್ನು ಬರೆಯುತ್ತ, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತ ಸಂಸಾರ ತೂಗಿಸಿದವರು. ಮುಂದೆ ಮಗನನ್ನು ಕಳೆದುಕೊಂಡ ನಂತರ 'ನನ್ನ ಮಗ ಗುರುದತ್ತ' ಎಂಬ ಕೃತಿಯನ್ನೂ ಅವರು ರಚಿಸಿದರು.

ಹಣದ ಅಡಚಣೆ ಈ ಕುಟುಂಬದ ಬೆನ್ನು ಬಿಡಲಿಲ್ಲ. ಹೊಟ್ಟೆಪಾಡು ಅವರನ್ನು ಕಲ್ಕತ್ತೆಯ ಭವಾನಿಪುರಕ್ಕೆ ಕರೆದೊಯ್ದಿತು. ಹುಡುಗ ಬಂಗಾಳಿಯನ್ನು ಸ್ವಂತ ಭಾಷೆಯಂತೆ ಕಲಿತ. ಸಂಜೆ ಅಜ್ಜಿ ದೇವರಿಗೆ ದೀಪ ಬೆಳಗುವಾಗ, ಅಲುಗುವ ಆ ಬೆಳಕಿನಲ್ಲಿ ಬೆರಳುಗಳನ್ನು ಮಡಿಸಿ ಬಿಡಿಸಿ ಗೋಡೆಯ ಮೇಲೆ ನೆರಳಿನ ಆಕೃತಿಗಳನ್ನು ಮೂಡಿಸುವುದು ಅವನ ಪ್ರಿಯ ಆಟವಾಗಿತ್ತು. ಬೆಳಕಿನ ಮೂಲ ಎಲ್ಲಿದೆ, ಕೈ ಎಷ್ಟು ಹತ್ತಿರ ಬಂದರೆ ನೆರಳು ಎಷ್ಟು ಹಿಗ್ಗುತ್ತದೆ ಎಂಬ ಲೆಕ್ಕವನ್ನು ಹುಡುಗ ಆಟವಾಡುತ್ತಲೇ ಕಲಿತಿರಬೇಕು.

ಅವನ ಎರಡನೆಯ ಗುರು ಸೋದರಮಾವನ ಸ್ಥಾನದಲ್ಲಿದ್ದ ಬಿ.ಬಿ. ಬೆನಗಲ್. ವಾಸಂತಿಯವರ ಬಂಧುವಾದ ಬೆನಗಲ್ ಕಲ್ಕತ್ತೆಯಲ್ಲಿ ಸಿನಿಮಾ ಪೋಸ್ಟರುಗಳನ್ನು ಬರೆಯುತ್ತಿದ್ದ ಚಿತ್ರಕಾರರು. ಮೈಗೆ ಹಾವು ಸುತ್ತಿಕೊಂಡ ಮನುಷ್ಯನ ಚಿತ್ರವೊಂದನ್ನು ಅವರು ರಚಿಸಿದ್ದರು. ಅದನ್ನು ಕಂಡ ಹುಡುಗ ಯಾರ ಬಳಿಯೂ ಪಾಠ ಹೇಳಿಸಿಕೊಳ್ಳದೆ ತಾನೇ ಒಂದು ಸರ್ಪನೃತ್ಯವನ್ನು ಕಟ್ಟಿದ. ಅಷ್ಟಕ್ಕೇ ಸುಮ್ಮನಾಗದೆ, ತಾನು ಆ ನೃತ್ಯ ಮಾಡುವಾಗ ಫೋಟೊ ತೆಗೆಯುವಂತೆ ಮಾವನನ್ನು ಒಪ್ಪಿಸಿದ. ಮುಂದೆ ಸಾರಸ್ವತ ಸಮಾಜದ ಸಮಾರಂಭವೊಂದರಲ್ಲಿ ಅದೇ ನೃತ್ಯಕ್ಕೆ ಐದು ರೂಪಾಯಿ ಬಹುಮಾನವೂ ದೊರೆಯಿತು.

ಈ ಪ್ರಸಂಗ ಚಿಕ್ಕದು. ಆದರೆ ಚಿತ್ರದಿಂದ ನೃತ್ಯ, ನೃತ್ಯದಿಂದ ಮತ್ತೆ ಚಿತ್ರ ಎಂಬ ಸರಪಣಿ ಇಲ್ಲಿಯೇ ಹೆಣೆದುಕೊಂಡಿತು. ಕ್ಯಾಮೆರಾದ ಮುಂದೆ ನಿಂತ ನರ್ತಕನಿಗೆ, ತನ್ನ ಮೈ ಒಳಗಿನಿಂದ ಅನುಭವಿಸುವುದಕ್ಕೂ ಹೊರಗಿನ ಕಣ್ಣಿಗೆ ಕಾಣುವುದಕ್ಕೂ ಇರುವ ಅಂತರ ಫೋಟೊ ನೋಡಿದಾಗ ತಿಳಿಯುತ್ತದೆ. ಹದಿಹರೆಯದಲ್ಲಿಯೇ ಗುರುದತ್ ಅವರಿಗೆ ಆ ಅಂತರದ ಪರಿಚಯವಾಯಿತು.

ಅಲ್ಮೋರಾದ ಪಾಠಶಾಲೆ

1941ರಲ್ಲಿ ಮೆಟ್ರಿಕ್ಯುಲೇಶನ್ ಮುಗಿಯಿತು. ಕಾಲೇಜು ಓದಿಸುವ ಶಕ್ತಿ ಮನೆಯವರಿಗೆ ಇರಲಿಲ್ಲ. ಹುಡುಗ ಕಲ್ಕತ್ತೆಯ ಲಿವರ್ ಬ್ರದರ್ಸ್ ಕಾರ್ಖಾನೆಯಲ್ಲಿ ತಿಂಗಳಿಗೆ 40 ರೂ. ಸಂಬಳದ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಸೇರಿದ. ಮನಸ್ಸು ಅಲ್ಲಿ ನಿಲ್ಲಲಿಲ್ಲ. ಆ ವೇಳೆಗೆ ಇಡೀ ದೇಶ ಮಾತಾಡಿಕೊಳ್ಳುತ್ತಿದ್ದ ಹೆಸರು ಉದಯಶಂಕರ್ ಅವರದು. ಲಂಡನ್ನಿನಲ್ಲಿ ಚಿತ್ರಕಲೆ ಅಭ್ಯಾಸ ಮಾಡಲು ಹೋಗಿ, 1923ರಲ್ಲಿ ರಷ್ಯದ ನರ್ತಕಿ ಅನ್ನಾ ಪಾವ್ಲೊವಾ ಜೊತೆ ರಾಧಾ–ಕೃಷ್ಣ ನೃತ್ಯದಲ್ಲಿ ಕೃಷ್ಣನಾಗಿ ಕುಣಿದು, ಯುರೋಪು ಅಮೆರಿಕಗಳಲ್ಲಿ ಖ್ಯಾತರಾಗಿ ಭಾರತಕ್ಕೆ ಮರಳಿದ್ದವರು ಅವರು. ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಅವರು 1938ರಲ್ಲಿ ಇಂಡಿಯಾ ಕಲ್ಚರ್ ಸೆಂಟರ್ ಸ್ಥಾಪಿಸಿದ್ದರು. ವರ್ಷಕ್ಕೆ 75 ರೂ.ಗಳ ವಿದ್ಯಾರ್ಥಿವೇತನ ಪಡೆದು ಗುರುದತ್ ಆ ಸಂಸ್ಥೆ ಸೇರಿದರು.

ಅಲ್ಮೋರಾದಲ್ಲಿ ಅಂದು ನೆರೆದಿದ್ದ ಗುರುಗಳ ಪಟ್ಟಿ ನೋಡಿದರೆ ಇಂದಿಗೂ ಬೆರಗಾಗುತ್ತದೆ. ಕಥಕ್ಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೈ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಉಸ್ತಾದ್ ಅಲ್ಲಾವುದ್ದೀನ್ ಖಾನ್. ಒಂದೇ ಅಂಗಳದಲ್ಲಿ ದೇಶದ ನಾಲ್ಕು ದಿಕ್ಕಿನ ದೇಹಭಾಷೆಗಳು ಸೇರಿದ್ದವು. ಆದರೆ ಉದಯಶಂಕರ್ ಬಯಸಿದ್ದು ಸಂಪ್ರದಾಯದ ಗಿಳಿಪಾಠವನ್ನಲ್ಲ. ನಡೆಯುವುದು ಹೇಗೆ, ನಿಲ್ಲುವುದು ಹೇಗೆ, ಎದುರಿನವರನ್ನು ಗಮನಿಸುವುದು ಹೇಗೆ, ಗುಂಪಿನಲ್ಲಿ ತನ್ನ ಜಾಗ ಯಾವುದು ಎಂಬುದನ್ನೂ ವಿದ್ಯಾರ್ಥಿಗಳು ಕಲಿಯಬೇಕಿತ್ತು. ಅಲ್ಲಿ ನೃತ್ಯಪಾಠದೊಂದಿಗೆ ದೃಷ್ಟಿಯ ಪಾಠವೂ ಸಾಗುತ್ತಿತ್ತು.

ಉದಯಶಂಕರ್ ಅಲ್ಲಿ ರಾಮಲೀಲೆಯನ್ನು ನೆರಳಿನಾಟವಾಗಿ ಪ್ರಯೋಗಿಸಿದ್ದೂ ಉಂಟು. ದೊಡ್ಡ ಬಿಳಿ ಪರದೆ, ಅದರ ಹಿಂದೆ ದೀಪ, ನಡುವೆ ನರ್ತಕರು. ಪರದೆಯ ಈಚೆ ಕುಳಿತ ಜನಕ್ಕೆ ಕಾಣುತ್ತಿದ್ದುದು ದೇಹದ ಅಂಚಿನ ಗೆರೆ ಮಾತ್ರ. ಮುಖದ ಭಾವ, ಬಣ್ಣ, ಒಡವೆ ಯಾವುದೂ ನೆರವಿಗೆ ಬರದ ಕಡೆ ಕಥೆಯನ್ನು ಹೊರಬೇಕಾದದ್ದು ಭುಜದ ಬಾಗು, ಕತ್ತಿನ ತಿರುವು, ಕೈಯ ಚಾಚು. ಅಜ್ಜಿಯ ದೀಪದ ಮುಂದೆ ಬೆರಳಾಡಿಸಿದ್ದ ಹುಡುಗ ಇಂತಹ ಕಲೆಯ ನೆರೆಯಲ್ಲಿ ಬೆಳೆದ ಎಂಬುದು, ಅವರ ಮುಂದಿನ ಚಿತ್ರಗಳನ್ನು ನೋಡುವಾಗ ಮತ್ತೆ ಮತ್ತೆ ನೆನಪಾಗುತ್ತದೆ.

ಯುದ್ಧಕಾಲದ ಸಂಕಷ್ಟ ಅಲ್ಮೋರಾದ ಸಂಸ್ಥೆಯನ್ನೂ ಬಿಡಲಿಲ್ಲ. 1944ರಲ್ಲಿ ಕೇಂದ್ರ ಮುಚ್ಚಿತು. ಹತ್ತೊಂಬತ್ತರ ಹರೆಯದ ಗುರುದತ್ ಬೀದಿಗೆ ಬಂದರು. ವೃತ್ತಿನರ್ತಕನಾಗುವ ಅವರ ಹಾದಿ ಅಲ್ಲಿಗೇ ಮುಗಿಯಿತು ಎನ್ನಬಹುದು.

ಪುಣೆಯ ಪ್ರಭಾತ್, ಮುಂಬೈಯ ಮಾಟುಂಗಾ

ಅದೇ ವರ್ಷ ಬೆನಗಲ್ ಅವರನ್ನು ಪುಣೆಗೆ ಕರೆದೊಯ್ದು ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷದ ಕರಾರಿನ ಮೇಲೆ ಕೆಲಸಕ್ಕೆ ಸೇರಿಸಿದರು. 1944ರ 'ಚಾಂದ್' ಚಿತ್ರದಲ್ಲಿ ಶ್ರೀಕೃಷ್ಣನ ಚಿಕ್ಕ ಪಾತ್ರ, 1945ರ 'ಲಾಖಾರಾಣಿ'ಯಲ್ಲಿ ನಟನೆ ಮತ್ತು ನಿರ್ದೇಶಕ ವಿಶ್ರಾಮ್ ಬೇಡೇಕರ್ ಅವರಿಗೆ ಸಹಾಯ. 1946ರ 'ಹಮ್ ಏಕ್ ಹೈ' ಚಿತ್ರದಲ್ಲಿ ಸಹಾಯಕ ನಿರ್ದೇಶಕನ ಕೆಲಸದ ಜೊತೆಗೆ ನೃತ್ಯ ನಿರ್ದೇಶನವನ್ನೂ ಹೊತ್ತರು. ನೃತ್ಯ ಕಲಿತವನು ಮೊದಲ ಬಾರಿಗೆ ಕ್ಯಾಮೆರಾದ ಪಕ್ಕದಲ್ಲಿ ನಿಂತು ಕುಣಿಯುವವರನ್ನು ನೋಡಿದ್ದು ಇಲ್ಲಿ. ಅದೇ ಚಿತ್ರದ ಮೂಲಕ ತೆರೆಗೆ ಬಂದ ದೇವಾನಂದ್ ಅವರ ಸ್ನೇಹವೂ ಇಲ್ಲಿಯೇ ಕುದುರಿತು. ಅಗಸರ ಅಂಗಡಿಯಲ್ಲಿ ಇಬ್ಬರ ಅಂಗಿ ಅದಲುಬದಲಾದದ್ದೇ ಆ ಸ್ನೇಹಕ್ಕೆ ನೆಪ. ದೇವಾನಂದ್ ಚಿತ್ರ ನಿರ್ಮಿಸಿದರೆ ಗುರುದತ್ ನಿರ್ದೇಶಿಸಬೇಕು, ಗುರುದತ್ ಚಿತ್ರ ಮಾಡಿದರೆ ದೇವಾನಂದ್ ನಟಿಸಬೇಕು ಎಂದು ಗೆಳೆಯರಿಬ್ಬರೂ ಮಾತು ಕೊಟ್ಟುಕೊಂಡರು.

1947ರಲ್ಲಿ ಕರಾರು ಮುಗಿಯಿತು. ಮುಂಬೈಯ ಮಾಟುಂಗಾದಲ್ಲಿ ಮನೆಯವರೊಂದಿಗೆ ಸುಮಾರು ಹತ್ತು ತಿಂಗಳು ಕೆಲಸವಿಲ್ಲದೆ ಕಳೆದರು. ಇಂಗ್ಲಿಷಿನಲ್ಲಿ ಸಣ್ಣ ಕಥೆಗಳನ್ನು ಬರೆದರು. ಮುಂದೆ 'ಪ್ಯಾಸಾ' ಆಗಲಿದ್ದ ಕಥೆಯನ್ನು 'ಕಶ್ಮಕಶ್' ಎಂಬ ಹೆಸರಿನಲ್ಲಿ ಬರೆದಿಟ್ಟದ್ದು ಈ ನಿರುದ್ಯೋಗದ ದಿನಗಳಲ್ಲಿಯೇ. ಆನಂತರ ಅಮಿಯ ಚಕ್ರವರ್ತಿ, ಜ್ಞಾನ್ ಮುಖರ್ಜಿ ಅವರ ಕೈಕೆಳಗೆ ದುಡಿದರು. ದೇವಾನಂದ್ ಮಾತು ಉಳಿಸಿಕೊಂಡರು. ನವಕೇತನ ಸಂಸ್ಥೆಯ 'ಬಾಜಿ' (1951) ಗುರುದತ್ ನಿರ್ದೇಶನದ ಮೊದಲ ಚಿತ್ರವಾಯಿತು. ಅಲ್ಮೋರಾದ ನಂಟು ಇಲ್ಲಿಯೂ ಮುಂದುವರಿಯಿತು. ಉದಯಶಂಕರ್ ತಂಡದ ನರ್ತಕಿಯಾಗಿ, ಅಲ್ಮೋರಾದ ಶಿಕ್ಷಕಿಯಾಗಿ ಹೆಸರಾಗಿದ್ದ ಜೊಹ್ರಾ ಸೆಹಗಲ್ 'ಬಾಜಿ'ಗೆ ನೃತ್ಯ ಸಂಯೋಜಿಸಿದರು.

ಮೈಸೂರಿನ ಮೂರ್ತಿ ಜೊತೆಯಾದರು

'ಬಾಜಿ' ಚಿತ್ರೀಕರಣದಲ್ಲಿ ಇನ್ನೊಂದು ಮಹತ್ವದ ಭೇಟಿಯಾಯಿತು. ಛಾಯಾಗ್ರಾಹಕ ವಿ. ರಾತ್ರಾ ಅವರ ಬಳಿ ಸಹಾಯಕರಾಗಿದ್ದ ತರುಣ ವಿ.ಕೆ. ಮೂರ್ತಿ, ಕ್ಲಬ್ ಹಾಡೊಂದಕ್ಕೆ ಕನ್ನಡಿಯ ಪ್ರತಿಬಿಂಬವನ್ನು ಬಳಸಿ ಕ್ಯಾಮೆರಾ ಚಲಿಸುವ ಕ್ಲಿಷ್ಟ ದೃಶ್ಯವೊಂದನ್ನು ಸೂಚಿಸಿದರು. ತಾವೇ ಕ್ಯಾಮೆರಾ ಹಿಡಿದು ಅದನ್ನು ಸಾಧಿಸಿ ತೋರಿಸಿದರು. ಗುರುದತ್ ಮನಸೋತರು. 1952ರ 'ಜಾಲ್' ಚಿತ್ರದಿಂದ ಮೂರ್ತಿ ಅವರ ಛಾಯಾಗ್ರಾಹಕರಾದರು.

ಮೂರ್ತಿಯವರು ಹುಟ್ಟಿದ್ದು 1923ರಲ್ಲಿ, ಮೈಸೂರಿನಲ್ಲಿ. ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ಸೆರೆಮನೆ ಕಂಡವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದವರು. ಜೊತೆಗೆ ಪಿಟೀಲು ವಾದಕರು. ಈ ಕಡೆಯ ಮಾತು ನಮ್ಮ ವಿಷಯಕ್ಕೆ ಮುಖ್ಯ. ಒಬ್ಬರಿಗೆ ಲಯ ಕಾಲಿನಲ್ಲಿ, ಇನ್ನೊಬ್ಬರಿಗೆ ಕಮಾನಿನಲ್ಲಿ. ಹಾಡಿನ ಚಿತ್ರೀಕರಣದ ಹೊತ್ತಿಗೆ ಟ್ರಾಲಿ ಯಾವ ಸ್ವರಕ್ಕೆ ಹೊರಡಬೇಕು, ಯಾವ ತಾಳಕ್ಕೆ ನಿಲ್ಲಬೇಕು ಎಂಬುದನ್ನು ಇಂತಹ ಇಬ್ಬರಿಗೆ ಬಿಡಿಸಿ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಹಿಂದಿ ಚಿತ್ರರಂಗದ ಅತ್ಯಂತ ಸುಂದರ ಕಪ್ಪುಬಿಳುಪು ದೃಶ್ಯಗಳ ಹಿಂದೆ ಬೆಂಗಳೂರಿನಲ್ಲಿ ಹುಟ್ಟಿದ ನರ್ತಕನೂ ಮೈಸೂರಿನಲ್ಲಿ ಹುಟ್ಟಿದ ಪಿಟೀಲು ವಾದಕನೂ ಇದ್ದರೆಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ನರ್ತಕನ ಕಣ್ಣಿಗೆ ಕಾಣುವುದೇನು?

ನೃತ್ಯ ಅರಿಯದ ಛಾಯಾಗ್ರಾಹಕ ಚಲನೆಯನ್ನು ಕಂಡ ಮೇಲೆ ಗುಂಡಿ ಒತ್ತುತ್ತಾನೆ. ಅಷ್ಟರಲ್ಲಿ ಚಲನೆ ಮುಗಿದಿರುತ್ತದೆ. ನೃತ್ಯ ಬಲ್ಲವನು ಚಲನೆ ಹುಟ್ಟುವ ಮುನ್ನವೇ ಅದನ್ನು ಗುರುತಿಸುತ್ತಾನೆ. ಮೇಲಕ್ಕೆ ಹಾರುವ ಮುನ್ನ ಮಂಡಿ ಬಾಗಲೇಬೇಕು, ಎಡಕ್ಕೆ ತಿರುಗುವ ಮುನ್ನ ಭಾರ ಒಂದು ಕಾಲಿಗೆ ಇಳಿಯಲೇಬೇಕು. ನೆಗೆತದ ತುತ್ತತುದಿಯಲ್ಲಿ ದೇಹ ಒಂದು ಕ್ಷಣ ಏರದೆ ಇಳಿಯದೆ ನಿಂತಂತಿರುತ್ತದೆ. ಆ ಕ್ಷಣ ಯಾವಾಗ ಬರುತ್ತದೆಂಬುದನ್ನು ಕಣ್ಣಿಗಿಂತ ಮೊದಲು ಮೈ ಹೇಳುತ್ತದೆ.

ಎರಡನೆಯದು ಚೌಕಟ್ಟು. ಭರತನಾಟ್ಯದ ಅರಮಂಡಿಯನ್ನು ಸೊಂಟಕ್ಕೆ ಕತ್ತರಿಸಿದರೆ ಉಳಿಯುವುದು ಅಲಂಕಾರ ಮಾತ್ರ, ನೃತ್ಯವಲ್ಲ. ಎಲ್ಲಿ ಪೂರ್ಣ ದೇಹ ಬೇಕು, ಎಲ್ಲಿ ಕೈಬೆರಳಷ್ಟೇ ಸಾಕು ಎಂಬ ವಿವೇಕ ಕುಣಿದವನಿಗೆ ಅಭ್ಯಾಸದಿಂದಲೇ ಬರುತ್ತದೆ. ಮೂರನೆಯದು ನೋಟ. ಕೈ ಹೋದ ದಿಕ್ಕಿಗೆ ದೃಷ್ಟಿಯೂ ಹೋಗಬೇಕೆಂಬುದು ನೃತ್ಯ ಕಲಿಯುವ ಮಕ್ಕಳಿಗೂ ಗೊತ್ತಿರುವ ಪಾಠ. ಆ ದೃಷ್ಟಿ ಹೋಗುವ ಕಡೆ ಚೌಕಟ್ಟಿನಲ್ಲಿ ತೆರಪು ಬಿಡದಿದ್ದರೆ ಅಭಿನಯಕ್ಕೆ ಉಸಿರುಗಟ್ಟುತ್ತದೆ.

ಹೊರಜಗತ್ತಿನಲ್ಲಿಯೂ ಈ ಚಿಂತನೆ ನಡೆದಿತ್ತು. ಹಾಲಿವುಡ್‌ನ ನರ್ತಕ ಫ್ರೆಡ್ ಆಸ್ಟೇರ್ ತಮ್ಮ ನೃತ್ಯವನ್ನು ತಲೆಯಿಂದ ಪಾದದವರೆಗೆ ಪೂರ್ಣವಾಗಿ, ಆದಷ್ಟು ಕತ್ತರಿ ಹಾಕದೆ ತೋರಿಸಬೇಕೆಂದು ಹಟ ಹಿಡಿಯುತ್ತಿದ್ದರು. ಕ್ಯಾಥರೀನ್ ಡನಮ್ ಅವರ ನೃತ್ಯ ತಂಡದೊಡನೆ ಕೆಲಸ ಮಾಡಿದ್ದ ಮಾಯಾ ಡೆರೆನ್, 1945ರಲ್ಲಿ ಕ್ಯಾಮೆರಾವನ್ನೇ ನರ್ತಕನ ಜೊತೆಗಾರನನ್ನಾಗಿಸಿದ ಕಿರುಚಿತ್ರವೊಂದನ್ನು ತೆಗೆದರು. ಗುರು ಉದಯಶಂಕರ್ ಅವರೂ ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ 'ಕಲ್ಪನಾ' (1948) ಎಂಬ ನೃತ್ಯಮಯ ಚಿತ್ರವನ್ನು ನಿರ್ದೇಶಿಸಿ ನಟಿಸಿದರು. ಹಣಕಾಸಿನಲ್ಲಿ ಸೋತ ಆ ಚಿತ್ರ ದಶಕಗಳ ನಂತರ ಪುನರುಜ್ಜೀವನಗೊಂಡು 2012ರ ಕಾನ್ ಉತ್ಸವದಲ್ಲಿ ಪ್ರದರ್ಶಿತವಾಯಿತು.

ಶಿಷ್ಯ ಹಿಡಿದ ಹಾದಿ ಗುರುವಿನದಕ್ಕಿಂತ ಭಿನ್ನ. ಉದಯಶಂಕರ್ ನೃತ್ಯಕ್ಕಾಗಿ ಸಿನಿಮಾ ಮಾಡಿದರು. ಗುರುದತ್ ನೃತ್ಯದ ಅರಿವನ್ನು ಸಿನಿಮಾದೊಳಗೆ ಕರಗಿಸಿದರು.

ಹಾಡು ಕಥೆಯಾಯಿತು

ಆ ಕಾಲದ ಬಹುತೇಕ ಚಿತ್ರಗಳಲ್ಲಿ ಹಾಡು ಬಂತೆಂದರೆ ಕಥೆ ನಿಲ್ಲುತ್ತಿತ್ತು. ಕ್ಯಾಮೆರಾ ಕಂಪನಿ ನಾಟಕದ ಮುಂಸಾಲಿನ ಪ್ರೇಕ್ಷಕನಂತೆ ಎದುರಿಗೆ ಕುಳಿತು ನೋಡುತ್ತಿತ್ತು. ಗುರುದತ್ ಆ ಪದ್ಧತಿಯನ್ನು ಮುರಿದರು. ಅನೇಕ ಹಾಡುಗಳನ್ನು ಪೀಠಿಕೆಯ ವಾದ್ಯಸಂಗೀತವಿಲ್ಲದೆ, ಮಾತು ಮುಗಿದ ಕಡೆಯಿಂದಲೇ ಎತ್ತಿಕೊಂಡರು. ನಡಿಗೆಯೇ ನಿಧಾನವಾಗಿ ಹಾಡಾಗುವುದು, ತಿರುಗಿ ನೋಡುವುದೇ ಪಲ್ಲವಿಯಾಗುವುದು ಅವರ ಚಿತ್ರಗಳಲ್ಲಿ ಸಹಜವೆನಿಸಿತು. 'ಆರ್ ಪಾರ್' (1954) ಚಿತ್ರದ ಗ್ಯಾರೇಜು, ಟ್ಯಾಕ್ಸಿಗಳ ನಡುವೆಯೂ, 'ಮಿಸ್ಟರ್ ಅಂಡ್ ಮಿಸೆಸ್ 55' (1955) ಚಿತ್ರದಲ್ಲಿ ಮಧುಬಾಲಾ ಈಜುಕೊಳದ ದಂಡೆಯಲ್ಲಿ ಕೊಡೆ ಹಿಡಿದ ಗೆಳತಿಯರ ನಡುವೆ ಸಾಗುವಾಗಲೂ, ನೃತ್ಯವೆಂದು ಬೇರೆ ಹೆಸರಿಡಲಾಗದ ಒಂದು ಲಯ ದೃಶ್ಯವನ್ನು ನಡೆಸುತ್ತದೆ.

1956ರ 'ಸಿಐಡಿ' ಚಿತ್ರಕ್ಕೆ ಅವರು ಆರಿಸಿ ತಂದ ಹೊಸ ನಟಿ ವಹೀದಾ ರೆಹಮಾನ್. ತೆಲುಗಿನ 'ರೋಜುಲು ಮಾರಾಯಿ' (1955) ಚಿತ್ರದ ನೃತ್ಯದಿಂದ ಜನಪ್ರಿಯರಾಗಿದ್ದ ವಹೀದಾ, ಭರತನಾಟ್ಯ ಕಲಿತವರು. 'ಪ್ಯಾಸಾ'ದಲ್ಲಿ (1957) ಆಕೆ ಮೊದಲ ಬಾರಿಗೆ ಕವಿಯನ್ನು ತನ್ನ ಹಿಂದೆ ಸೆಳೆದುಕೊಂಡು ಸಾಗುವ ಹಾಡನ್ನು ಗಮನಿಸಬೇಕು. ಕುಣಿತವೆಂಬುದು ಅಲ್ಲಿ ಇಲ್ಲವೇ ಇಲ್ಲ. ಒಂದು ನಡಿಗೆ, ಒಂದು ತಡೆ, ಕತ್ತಿನ ಒಂದು ತಿರುವು. ನೃತ್ಯ ಕಲಿತ ದೇಹವನ್ನು ಕುಣಿಸದೆ ಬಳಸಿಕೊಳ್ಳುವುದು ಹೇಗೆಂದು ಇನ್ನೊಬ್ಬ ನರ್ತಕನಿಗೆ ಮಾತ್ರ ಹೊಳೆಯುವಂತಹ ಸಂಯಮ ಅದು.

ಅದೇ ಚಿತ್ರದಲ್ಲಿ ಇದಕ್ಕೆ ವಿರುದ್ಧವಾದ ದೃಶ್ಯವೂ ಇದೆ. ಕೋಠಿಯೊಂದರಲ್ಲಿ ಹೆಣ್ಣೊಬ್ಬಳು ಕುಣಿಯುತ್ತಿದ್ದಾಳೆ. ಒಳಗೆ ಕಾಯಿಲೆಯ ಕೂಸು ಅಳುತ್ತಿದೆ. ನಿಲ್ಲಿಸಿ ಹೋಗಲು ಹವಣಿಸುವ ಆಕೆಯನ್ನು ಹಣ ಕೊಟ್ಟವರು ಬಿಡುವುದಿಲ್ಲ. ಇತರರಾಗಿದ್ದರೆ ಈ ಸನ್ನಿವೇಶವನ್ನು ಪ್ರೇಕ್ಷಕರ ರಂಜನೆಗೆ ದುಡಿಸಿಕೊಳ್ಳುತ್ತಿದ್ದರೇನೋ. ಗುರುದತ್ ಕ್ಯಾಮೆರಾ ಆಕೆಯ ಕುಣಿತವನ್ನು ಸವಿಯುವುದಿಲ್ಲ. ಕುಣಿಯುವವಳ ಮೈಯಲ್ಲಿ ಹೆಜ್ಜೆ ಮುಂದುವರಿದು ಮನಸ್ಸು ಹಿಂದೆ ಉಳಿದದ್ದನ್ನು ಅದು ತೋರಿಸುತ್ತದೆ. ನೋಡುತ್ತಿರುವ ಕವಿಗೆ ಅದು ಸಹಿಸದಾಗುತ್ತದೆ. ಕುಣಿಯುವವರನ್ನು ಚಿತ್ರಿಸುವಾಗ ಯಾರ ಪರವಾಗಿ ನೋಡುತ್ತಿದ್ದೇವೆ ಎಂಬ ಪ್ರಶ್ನೆ ಇಲ್ಲಿ ಎದ್ದು ನಿಲ್ಲುತ್ತದೆ. ದುಡ್ಡು ಕೊಟ್ಟು ಕುಳಿತವನ ಪರವಾಗಿಯೋ, ದಣಿದ ಕಾಲಿನ ಪರವಾಗಿಯೋ? ಸ್ವತಃ ಐದು ರೂಪಾಯಿಗೆ ಕುಣಿದು ಬೆಳೆದವರು ಯಾವ ಕಡೆ ನಿಂತರೆಂಬುದರಲ್ಲಿ ಅನುಮಾನವಿಲ್ಲ.

'ಪ್ಯಾಸಾ'ದ ಕೊನೆಯ ಭಾಗದಲ್ಲಿ, ಸತ್ತನೆಂದು ಜಗತ್ತು ನಂಬಿದ್ದ ಕವಿ ಸಭಾಂಗಣದ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಲ್ಲುತ್ತಾನೆ. ಬೆಳಕು ಹಿಂದಿನಿಂದ ಬೀಳುತ್ತದೆ. ಮುಖ ಕಾಣದು, ಆಕೃತಿಯಷ್ಟೇ ಕಾಣುತ್ತದೆ. ಅನೇಕರಿಗೆ ಇದು ಶಿಲುಬೆಗೇರಿದ ಕ್ರಿಸ್ತನ ನೆನಪು ತರುತ್ತದೆ. ಅಲ್ಮೋರಾದ ಬಿಳಿ ಪರದೆಯ ಹಿಂದೆ ನಿಂತ ನರ್ತಕನ ನೆನಪು ತಂದರೂ ತಪ್ಪಾಗದು.

ಬೆಳಕಿನ ಕೋಲು

1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಖಾಲಿ ಸ್ಟುಡಿಯೋದ ಕತ್ತಲಲ್ಲಿ ಸೂರ್ಯನ ಕಿರಣವೊಂದು ಕೋಲಿನಂತೆ ಇಳಿಯುವ ಹಾಡು ಇಂದಿಗೂ ಛಾಯಾಗ್ರಹಣದ ವಿದ್ಯಾರ್ಥಿಗಳಿಗೆ ಪಾಠ. ಹೊರಗಿನ ಬಿಸಿಲನ್ನು ಎರಡು ದೊಡ್ಡ ಕನ್ನಡಿಗಳ ಮೂಲಕ ಒಳಕ್ಕೆ ಹಾಯಿಸಿ ಮೂರ್ತಿ ಆ ಪರಿಣಾಮ ಸಾಧಿಸಿದರು. ನಾಯಕ, ನಾಯಕಿ ದೂರ ದೂರ ನಿಂತಿದ್ದಾರೆ. ಅವರ ದೇಹಗಳು ಹೆಚ್ಚೂ ಕಡಿಮೆ ಕದಲುವುದೇ ಇಲ್ಲ. ಅವರ ಆತ್ಮಗಳು ಮಾತ್ರ ಎದ್ದು ಪರಸ್ಪರರತ್ತ ಸಾಗುತ್ತವೆ. ಕುಣಿಯಬೇಕಾದ ಕೆಲಸವನ್ನು ಕ್ಯಾಮೆರಾ ವಹಿಸಿಕೊಂಡಿದೆ. ತಾಳಗಳ ನಡುವಿನ ಮೌನಕ್ಕೂ ತೂಕವಿದೆ ಎಂದು ಬಲ್ಲವರು ಮಾತ್ರ ಇಷ್ಟು ಧೈರ್ಯವಾಗಿ ನಿಶ್ಚಲತೆಯನ್ನು ನಂಬಬಲ್ಲರು.

ಚಿತ್ರ ಸೋತಿತು. ಖ್ಯಾತಿಯ ಶಿಖರದಿಂದ ಜಾರಿ ಬಿದ್ದ ನಿರ್ದೇಶಕನೊಬ್ಬನ ಕಥೆಯನ್ನು ಅಂದಿನ ಪ್ರೇಕ್ಷಕರು ಒಪ್ಪಲಿಲ್ಲ. ಗುರುದತ್ ಮತ್ತೆಂದೂ ನಿರ್ದೇಶಕನೆಂದು ತಮ್ಮ ಹೆಸರನ್ನು ತೆರೆಯ ಮೇಲೆ ಹಾಕಿಕೊಳ್ಳಲಿಲ್ಲ. ಎಂ. ಸಾದಿಕ್ ನಿರ್ದೇಶನದ 'ಚೌದವೀ ಕಾ ಚಾಂದ್' (1960) ಗಳಿಕೆಯಲ್ಲಿ ಸಂಸ್ಥೆಯನ್ನು ಉಳಿಸಿತು. ಅಬ್ರಾರ್ ಅಲ್ವಿ ಹೆಸರಿನಲ್ಲಿ ಬಂದ 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಚಿತ್ರದ ಹಾಡುಗಳನ್ನು ಮಾತ್ರ ಗುರುದತ್ ತಾವೇ ಚಿತ್ರಿಸಿಕೊಟ್ಟರು.

ಆ ಚಿತ್ರದಲ್ಲಿ ಜಮೀನ್ದಾರನ ಮುಂದೆ ನಡೆಯುವ ನೃತ್ಯವೊಂದಿದೆ. ಮುಖ್ಯ ನರ್ತಕಿ ಮೀನೂ ಮುಮ್ತಾಜ್. ಹಿಂದೆ ಕುಣಿಯುವ ಸಹನರ್ತಕಿಯರ ಆಯ್ಕೆ ಗುರುದತ್ ಅವರಿಗೆ ಹಿಡಿಸಿರಲಿಲ್ಲ. ಮೂರ್ತಿ ಅದಕ್ಕೊಂದು ಉಪಾಯ ಹುಡುಕಿದರು. ಬೆಳಕೆಲ್ಲ ಮುಖ್ಯ ನರ್ತಕಿಯ ಮೇಲೆ, ಸಹನರ್ತಕಿಯರು ಹಾಡಿನುದ್ದಕ್ಕೂ ನೆರಳಿನಲ್ಲಿ. ಅವರು ಸ್ಥಳ ಬದಲಿಸಿದರೂ, ಸುತ್ತಿದರೂ ಬೆಳಕು ಅವರ ಮುಖ ಮುಟ್ಟಬಾರದು. ಬೆಳಕಿನ ಸ್ಥಾನಕ್ಕೆ ತಕ್ಕಂತೆ ಹೆಜ್ಜೆ, ಹೆಜ್ಜೆಗೆ ತಕ್ಕಂತೆ ಬೆಳಕು ಎರಡೂ ಕೂದಲೆಳೆಯಷ್ಟು ಕರಾರುವಾಕ್ಕಾಗಿ ಹೊಂದಿಕೊಂಡರಷ್ಟೇ ಸಾಧ್ಯವಾಗುವ ಕೆಲಸ ಅದು. ಕಾರಣ ಏನೇ ಇರಲಿ, ಫಲವಾಗಿ ದೊರೆತದ್ದು ಭಾರತೀಯ ಚಿತ್ರರಂಗದ ಅತ್ಯುತ್ತಮ ನೃತ್ಯದೃಶ್ಯಗಳಲ್ಲೊಂದು. ಕಪ್ಪು ಆಕೃತಿಗಳ ನಡುವೆ ಒಂಟಿ ದೀಪದಂತೆ ಕುಣಿಯುವ ಹೆಣ್ಣು, ಮುಳುಗುತ್ತಿರುವ ಜಮೀನ್ದಾರಿ ಯುಗದ ಕಡೆಯ ಮಿನುಗಿನಂತೆಯೂ ಕಾಣುತ್ತಾಳೆ. 'ಕಾಗಜ್ ಕೆ ಫೂಲ್' ಮತ್ತು ಈ ಚಿತ್ರಕ್ಕೆ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಸಂದಿತು.

ನೃತ್ಯದ ಅರಿವು ಒಂದೇ ಇದ್ದಿದ್ದರೆ ಇದಾವುದೂ ಆಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಕುಣಿದವನಿಗೆ ತಾನು ಅನುಭವಿಸಿದ್ದೆಲ್ಲವೂ ತೆರೆಯ ಮೇಲೆ ಕಾಣುತ್ತದೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಮಸೂರಕ್ಕೆ ಹಾಗಲ್ಲ, ಬೆಳಕು ತೋರಿಸಿದ್ದಷ್ಟೇ ಅದಕ್ಕೆ ನಿಜ. ಗುರುದತ್ ಒಳಗಿನಿಂದ ಬಲ್ಲದ್ದನ್ನು ಮೂರ್ತಿ ಹೊರಗಿನಿಂದ ಪರೀಕ್ಷಿಸಿದರು. ನೃತ್ಯ ಹಿನ್ನೆಲೆಯ ಛಾಯಾಗ್ರಾಹಕರು ಇಂದಿಗೂ ನೆನಪಿಡಬೇಕಾದ ಪಾಠವಿದು.

ಮೂವತ್ತೊಂಬತ್ತಕ್ಕೇ ತೆರೆ

ತೆರೆಯ ಮೇಲೆ ಅಷ್ಟು ಹೊಂದಿಕೆ ಸಾಧಿಸಿದವರ ಬದುಕು ಮಾತ್ರ ಲಯ ತಪ್ಪಿತು. 'ಬಾಜಿ' ಹಾಡಿನ ಧ್ವನಿಮುದ್ರಣದಲ್ಲಿ ಪರಿಚಯವಾದ ಗಾಯಕಿ ಗೀತಾ ರಾಯ್ ಅವರನ್ನು 1953ರ ಮೇ 26ರಂದು ಅವರು ವರಿಸಿದ್ದರು. ಮೂವರು ಮಕ್ಕಳಾದರು. ದಾಂಪತ್ಯದಲ್ಲಿ ಬಿರುಕು, ನಿದ್ರಾಹೀನತೆ, ಮದ್ಯ, ಸೋಲಿನ ನೋವು ಒಂದಕ್ಕೊಂದು ಸೇರಿಕೊಂಡವು. 1964ರ ಅಕ್ಟೋಬರ್ 10ರಂದು ಮುಂಬೈಯ ಪೆಡ್ಡರ್ ರಸ್ತೆಯ ಮನೆಯಲ್ಲಿ ಅವರು ಶವವಾಗಿ ಕಂಡುಬಂದರು. ಮದ್ಯದೊಂದಿಗೆ ನಿದ್ರೆ ಮಾತ್ರೆ ಬೆರೆತದ್ದು ಸಾವಿಗೆ ಕಾರಣವಾಗಿತ್ತು. ಅದು ಆಕಸ್ಮಿಕವೋ ಆತ್ಮಹತ್ಯೆಯೋ ಎಂಬ ಚರ್ಚೆ ನಿಂತಿಲ್ಲ. ಆಗ ಅವರ ವಯಸ್ಸು 39. ಗೀತಾ ದತ್ 1972ರಲ್ಲಿ ತೀರಿಕೊಂಡರು.

ಕಾಲ ನಿಧಾನವಾಗಿ ನ್ಯಾಯ ಒದಗಿಸಿತು. ಬಿಡುಗಡೆಯಾದಾಗ ಸೋತಿದ್ದ 'ಕಾಗಜ್ ಕೆ ಫೂಲ್' ಇಂದು ದೇಶದ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿದೆ. 2005ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಆಯ್ದ ಜಗತ್ತಿನ ನೂರು ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 'ಪ್ಯಾಸಾ' ಸ್ಥಾನ ಪಡೆಯಿತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ವಿ.ಕೆ. ಮೂರ್ತಿಯವರಿಗೆ ಸಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರೆನಿಸಿದರು. ಅವರ ಜೀವನವನ್ನು ಉಮಾ ರಾವ್ ಕನ್ನಡದಲ್ಲಿ ಬರೆದಾಗ 'ಬಿಸಿಲು ಕೋಲು' ಎಂದೇ ಹೆಸರಿಟ್ಟರು. ಮೂರ್ತಿ 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ ನಿಧನರಾದರು. 2025ರಲ್ಲಿ ಗುರುದತ್ ಜನಿಸಿ ನೂರು ವರ್ಷ ತುಂಬಿತು.

ಅಲ್ಮೋರಾದ ಕೇಂದ್ರ ಉಳಿದಿದ್ದರೆ ಗುರುದತ್ ಒಳ್ಳೆಯ ನರ್ತಕರಾಗುತ್ತಿದ್ದರೇನೋ. ಅವರ ಕುಣಿತವನ್ನು ಕಂಡವರು ಕೆಲವರಷ್ಟೇ ಇರುತ್ತಿದ್ದರು. ಕೇಂದ್ರ ಮುಚ್ಚಿದ್ದರಿಂದ ಅವರು ಕಲಿತ ಹೆಜ್ಜೆಗಳು ಅವರ ಕಾಲನ್ನು ಬಿಟ್ಟು ಕಣ್ಣಿಗೆ ಬಂದು ನೆಲೆಸಿದವು. ಇಂದು ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ನೃತ್ಯ ಕಲಿಯುತ್ತಿರುವ ಸಾವಿರಾರು ಮಕ್ಕಳಲ್ಲಿ ಎಲ್ಲರೂ ವೇದಿಕೆಯಲ್ಲಿ ಉಳಿಯುವುದಿಲ್ಲ. ಓದು, ಉದ್ಯೋಗ, ಮದುವೆಗಳ ನಡುವೆ ಗೆಜ್ಜೆ ಕಪಾಟು ಸೇರುತ್ತದೆ. ಕಲಿತದ್ದು ವ್ಯರ್ಥವಾಯಿತೆಂದು ಮರುಗುವ ಹೆತ್ತವರು ಈ ನರ್ತಕನ ಚಿತ್ರಗಳಲ್ಲಿ ಒಂದನ್ನಾದರೂ ನೋಡಬೇಕು.